ಮರಳಿಗೆ 15, ಡಾಂಬರಿಗೆ 35

ಮರಳುಗಾಡಿಗೆ ಹೋದ ಫೋಟೊ ಕಳಿಸಿದಾಗಲೆಲ್ಲ ಊರಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಏನಪ್ಪಾ, ನಾಲ್ಕೂ ಚಕ್ರ ಪಂಕ್ಚರ್ ಆದ ಹಾಗಿದೆಯಲ್ಲ?" ಪಂಕ್ಚರ್ ಅಲ್ಲ, ಬೇಕೆಂದೇ ಗಾಳಿ ಇಳಿಸಿರುವುದು. ಇಲ್ಲಿ ಯುಎಇಯಲ್ಲಿ ಬಿಸಿಲು ಸ್ವಲ್ಪ ತಗ್ಗಿದ ಮೇಲೆ, ಅಂದರೆ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ, ರಜೆಯ ದಿನ ಮರಳು ದಿಬ್ಬ ಹತ್ತಿಳಿಯುವುದು ಅನೇಕರ ಹುಚ್ಚು. ಪೆಟ್ರೋಲ್ ಎಷ್ಟಿದೆ ಎಂಬುದಕ್ಕಿಂತ ಮೊದಲು ಗುಂಪಿನ ಮುಂದಾಳು ಕೇಳುವುದು, "ಎಷ್ಟಕ್ಕೆ ಇಳಿಸಿದ್ದೀರಿ?" ಎಂದೇ.

ಉತ್ತರ ಸಾಮಾನ್ಯವಾಗಿ 15 ಪಿಎಸ್‌ಐ (ಟೈರಿನ ಗಾಳಿಯ ಒತ್ತಡ ಅಳೆಯುವ ಲೆಕ್ಕ). ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಕಂಪನಿಯವರು 33, 35 ಎಂದು ಬರೆದಿರುತ್ತಾರೆ. ಅದರ ಅರ್ಧಕ್ಕಿಂತ ಕಡಿಮೆ. ಲೆಕ್ಕ ಸರಳ: ಜನ, ಸಾಮಾನು ಎಲ್ಲ ಸೇರಿ ಎರಡೂವರೆ ಟನ್ ತೂಗುವ ಗಾಡಿಯ ಒಂದೊಂದು ಚಕ್ರಕ್ಕೆ 625 ಕಿಲೋ ಬೀಳುತ್ತದೆ. 35 ಪಿಎಸ್‌ಐನಲ್ಲಿ ಆ ಭಾರ ಹೊರಲು ಟೈರ್ ನೆಲಕ್ಕೆ ಊರುವ ಜಾಗ ಸುಮಾರು 250 ಚದರ ಸೆಂಟಿಮೀಟರ್. 15ಕ್ಕೆ ಇಳಿಸಿದರೆ 590ರ ಆಸುಪಾಸು. ಟೈರಿನ ಸ್ವಂತ ಗಡಸುತನವೂ ಒಂದಿಷ್ಟು ಭಾರ ಹೊರುವುದರಿಂದ ನಿಜದಲ್ಲಿ ಅಷ್ಟು ಹಿಗ್ಗುವುದಿಲ್ಲ, ಆದರೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಗಾಳಿ ಇಳಿಸಿದರೆ ಟೈರ್ ಅಗಲವಾಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮುಖ್ಯವಾಗಿ ಹೆಚ್ಚಾಗುವುದು ನೆಲಕ್ಕೆ ಊರುವ ಜಾಗದ ಉದ್ದ. ಹೆಜ್ಜೆ ಉದ್ದವಾದಷ್ಟೂ ಗಾಡಿ ಮರಳನ್ನು ಅಗೆಯದೆ ಅದರ ಮೇಲೆ ತೇಲಿಕೊಂಡು ಹೋಗುತ್ತದೆ.

ಮರಳಿನಲ್ಲಿ ಇದು ಎಷ್ಟು ಸುಖವಾಗಿರುತ್ತದೆ ಎಂದರೆ, ಡಾಂಬರು ಮುಟ್ಟಿದ ಮೇಲೂ ಹಾಗೇ ಹೋಗಿಬಿಡೋಣ ಎನಿಸುತ್ತದೆ. ಸಂಜೆಯಾಗಿರುತ್ತದೆ, ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆ, ಬಾಯಲ್ಲೆಲ್ಲ ಮರಳು. "ಮುಂದಿನ ಪೆಟ್ರೋಲ್ ಪಂಪಿನಲ್ಲಿ ಗಾಳಿ ಬಿಟ್ಟಿ ಸಿಗುತ್ತದಲ್ಲ, ಅಲ್ಲೀತನಕ ಹೋದರೆ ಏನಾಗುತ್ತೆ ಸಾರ್?" ಹೊಸದಾಗಿ ಸೇರಿದವರು ಪ್ರತಿ ಸಲ ಕೇಳುವ ಮಾತಿದು. ಕೆಲವರು ಕೇಳುವುದೂ ಇಲ್ಲ, ಹೊರಟೇಬಿಡುತ್ತಾರೆ.

ಏನಾಗುತ್ತದೆ ಎಂದರೆ, ಆ ಹೊತ್ತಿಗೆ ಹೆಚ್ಚಿನ ಸಲ ಏನೂ ಆಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ತಂತಿಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಆ ಜಾಗ ಬಿಸಿಯಾಗಿ ಕೊನೆಗೆ ಮುರಿಯುತ್ತದಲ್ಲ, ಟೈರಿನ ಪಕ್ಕದ ಗೋಡೆಗೆ ಆಗುವುದೂ ಅದೇ. ಗಾಳಿ ಕಡಿಮೆಯಿದ್ದಾಗ ನೆಲಕ್ಕೆ ತಾಗುವ ಜಾಗದಲ್ಲಿ ಗೋಡೆ ಉಬ್ಬಿ ಮಡಚಿಕೊಳ್ಳುತ್ತದೆ, ಮೇಲೆ ಬಂದಾಗ ನೆಟ್ಟಗಾಗುತ್ತದೆ. ಇಲ್ಲಿನ ದೊಡ್ಡ ಗಾಡಿಗಳ ಟೈರಿನ ಸುತ್ತಳತೆ ಎರಡೂವರೆ ಮೀಟರಿನ ಹತ್ತಿರ. ಗಂಟೆಗೆ 120 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಹದಿಮೂರು ಹದಿನಾಲ್ಕು ಸುತ್ತು ಹಾಕುತ್ತದೆ. ಅಂದರೆ ಗೋಡೆಯ ಒಂದೊಂದು ಅಂಗುಲವೂ ನಿಮಿಷಕ್ಕೆ 800 ಸಲ ಮಡಚಿ ಬಿಚ್ಚಿಕೊಳ್ಳಬೇಕು. ರಬ್ಬರಿನ ಗುಣವೆಂದರೆ, ಬಗ್ಗಿಸಲು ಹಾಕಿದ ಶಕ್ತಿಯನ್ನು ಪೂರ್ತಿ ವಾಪಸ್ ಕೊಡುವುದಿಲ್ಲ, ಒಂದು ಪಾಲನ್ನು ಶಾಖವಾಗಿ ಇಟ್ಟುಕೊಳ್ಳುತ್ತದೆ. ಮರಳಿನಲ್ಲಿ ವೇಗ ಕಡಿಮೆ, ನಡುನಡುವೆ ನಿಲ್ಲುವುದು, ಯಾರದೋ ಗಾಡಿ ಹೂತು ಅರ್ಧ ಗಂಟೆ ಅದನ್ನು ಎಳೆಯುವುದು ಇದ್ದೇ ಇರುತ್ತದೆ. ಅಷ್ಟರಲ್ಲಿ ಟೈರ್ ತಣಿಯುತ್ತದೆ. ಹೆದ್ದಾರಿಯಲ್ಲಿ ಅದಕ್ಕೆ ಬಿಡುವೇ ಇಲ್ಲ. ಬೇಸಿಗೆಯಾಗಿದ್ದರೆ ಗಾಳಿಯ ಉಷ್ಣತೆ 45 ಡಿಗ್ರಿ ದಾಟಿರುತ್ತದೆ, ಡಾಂಬರಿನದು 60ರ ಮೇಲೆ. ಶಾಖ ಒಳಗೂ ಹುಟ್ಟುತ್ತದೆ, ನೆಲದಿಂದಲೂ ಏರುತ್ತದೆ.

ಗೋಡೆಯೊಳಗಿನ ಎಳೆಗಳು ರಬ್ಬರಿನಿಂದ ಬಿಡಿಸಿಕೊಳ್ಳಲು ಶುರುಮಾಡಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ನಾನು ಟೈರ್ ಕೆಲಸ ಮಾಡಿಸುವ ಅಂಗಡಿಯಲ್ಲಿ ಪೇಶಾವರ ಕಡೆಯ ಒಬ್ಬರು ಹಿರಿಯರಿದ್ದಾರೆ, ಎಲ್ಲರ ಬಾಯಲ್ಲೂ 'ಚಾಚಾ'. ಯಾರದೋ ಬಿಳಿ ಗಾಡಿಯ ಟೈರ್ ರಿಮ್‌ನಿಂದ ಬಿಚ್ಚಿ, "ಇಲ್ಲಿ ಕೈ ಹಾಕಿ ನೋಡಿ ಭಾಯ್" ಎಂದು ನನ್ನನ್ನು ಕರೆದರು. ಹೊರಗೆ ಟೈರ್ ಹೊಸದರಂತೆ ಮಿರುಗುತ್ತಿತ್ತು, ಮೇಲ್ಮೈಯ ಗೀರುಗಳೂ ಆಳವಾಗಿದ್ದವು. ಒಳಗೆ ಬೆರಳಿಟ್ಟರೆ ಕರಿ ಪುಡಿ, ನುಣ್ಣಗಿನ ರಬ್ಬರ್ ಪುಡಿ, ಬೆರಳ ಗೆರೆಗಳಲ್ಲೆಲ್ಲ ಮೆತ್ತಿಕೊಂಡಿತು. ಒಳಗೋಡೆಯ ಸುತ್ತಲೂ ಒಂದೇ ಎತ್ತರದಲ್ಲಿ ಒರಟಾದ ಪಟ್ಟಿ, ಯಾರೋ ಉಪ್ಪುಕಾಗದ ಹಾಕಿ ಉಜ್ಜಿದಂತಿತ್ತು. ಒಂದು ಕಡೆ ಆ ಪಟ್ಟಿಯಿಂದ ದಾರದ ಎಳೆ ಇಣುಕುತ್ತಿತ್ತು. ಗಾಡಿಯ ಮಾಲೀಕ ಬಂದದ್ದು ಸಣ್ಣ ಮೊಳೆ ತೆಗೆಸಲು. ಚಾಚಾ ಪಂಕ್ಚರ್ ಹಾಕಲು ಒಪ್ಪಲಿಲ್ಲ. ಮಾಲೀಕ ಸಿಡುಕಿದ, ಇವರು ಜಗ್ಗಲಿಲ್ಲ. ಗ್ರಾಹಕನ ಜೊತೆ ಜಗಳಕ್ಕೆ ನಿಂತ ಅಂಗಡಿಯವರ ಮೇಲೆ ನನಗೆ ಗೌರವ ಹುಟ್ಟಿದ್ದು ಅಪರೂಪ, ಅವತ್ತು ಹುಟ್ಟಿತು.

ಇಂಥ ಟೈರ್ ಒಡೆಯುವುದು ಮರಳಿನಿಂದ ಬಂದ ದಿನವೇ ಆಗಬೇಕೆಂದಿಲ್ಲ. ಗಾಳಿ ಸರಿಯಾಗಿ ತುಂಬಿಸಿ, ತಿಂಗಳುಗಟ್ಟಲೆ ಆಫೀಸಿಗೆ ಓಡಾಡಿದ ಮೇಲೆ, ಒಂದು ಮಧ್ಯಾಹ್ನ ಅಬುಧಾಬಿ ರಸ್ತೆಯಲ್ಲಿ ಆಗಬಹುದು. ಆಗ ಬೈಸಿಕೊಳ್ಳುವುದು ಟೈರ್ ಕಂಪನಿ.

ಕಂಪನಿಯದೂ ತಪ್ಪಿರಬಹುದು ಅನ್ನಿ. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಕಿತ್ತು ಬಂದು ಗಾಡಿಗಳು ಉರುಳಿದ ಪ್ರಕರಣ ದೊಡ್ಡ ಸುದ್ದಿಯಾಗಿತ್ತು. 2000ದ ಆಗಸ್ಟ್‌ನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿಕೊಂಡರು. ಅಮೆರಿಕದಲ್ಲಿ ಗದ್ದಲವೇಳುವ ಮೊದಲೇ, 1999ರಲ್ಲಿ, ಫೋರ್ಡ್ ಸೌದಿ ಅರೇಬಿಯಾದಲ್ಲಿ ಟೈರ್ ಬದಲಿಸಿಕೊಡಲು ಶುರುಮಾಡಿತ್ತು. ತಯಾರಿಕೆಯ ದೋಷದ ಜೊತೆಗೆ ಅಲ್ಲಿ ಚರ್ಚೆಯಾದದ್ದು ಬಿಸಿಲು, ವೇಗ ಮತ್ತು ಗಾಳಿಯ ಒತ್ತಡ. ಆ ಗಾಡಿಗೆ ಫೋರ್ಡ್ ಹೇಳಿದ್ದ ಒತ್ತಡ 26 ಪಿಎಸ್‌ಐ. ಅದೇ ಕಡಿಮೆಯಾಯಿತು ಎಂದು ಫೈರ್‌ಸ್ಟೋನ್ ವಾದಿಸಿತು. 26ರ ಬಗ್ಗೆ ಅಷ್ಟು ಜಗಳವಾಗಿರುವಾಗ 15ರಲ್ಲಿ ಹೆದ್ದಾರಿ ಹತ್ತುವವರ ಧೈರ್ಯವನ್ನು ಮೆಚ್ಚಲೇಬೇಕು. ಆ ಗಲಾಟೆಯ ನಂತರ ಅಮೆರಿಕ ಮಾಡಿದ ಕಾನೂನಿನಿಂದಲೇ ಡ್ಯಾಶ್‌ಬೋರ್ಡಿನ ಹಳದಿ ದೀಪ, ಕುದುರೆ ಲಾಳದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವಂಥದ್ದು, ಅಲ್ಲಿನ ಕಾರುಗಳಿಗೆ ಕಡ್ಡಾಯವಾಯಿತು. ಹೇಳಿದ ಒತ್ತಡಕ್ಕಿಂತ ಕಾಲುಭಾಗ ಇಳಿದರೆ ಅದು ಹೊತ್ತಿಕೊಳ್ಳಬೇಕು. ಮರಳಿಗೆ ಹೋಗುವವರ ಗಾಡಿಯಲ್ಲಿ ಅದು ದಿನವಿಡೀ ಉರಿಯುತ್ತಲೇ ಇರುತ್ತದೆ, ನೋಡಿ ನೋಡಿ ಕಣ್ಣು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಶಾಖದ ಮಾತು ನಿಧಾನದ್ದು. ತಕ್ಷಣದ ಅಪಾಯವೂ ಒಂದಿದೆ. ಮೆತ್ತಗಿನ ಟೈರಿನ ಗಾಡಿ ಸ್ಟೀರಿಂಗ್ ತಿರುಗಿಸಿದ ಕೂಡಲೇ ತಿರುಗುವುದಿಲ್ಲ. ಮೊದಲು ಗೋಡೆ ಪಕ್ಕಕ್ಕೆ ವಾಲುತ್ತದೆ, ಆಮೇಲೆ ಗಾಡಿ ಹಿಂಬಾಲಿಸುತ್ತದೆ. ಚಾಲಕ ಗಾಬರಿಯಲ್ಲಿ ಇನ್ನಷ್ಟು ತಿರುಗಿಸುತ್ತಾನೆ, ಅಷ್ಟರಲ್ಲಿ ಮೊದಲಿನದೂ ಸೇರಿ ಒಟ್ಟಿಗೇ ಎಳೆಯುತ್ತದೆ. ಎತ್ತರದ ಗಾಡಿ, ಮೇಲೆ ಕ್ಯಾರಿಯರಿನಲ್ಲಿ ಸಾಮಾನು, ಎದುರಿಗೆ ಅಡ್ಡ ಬಂದ ಒಂಟೆ. ಇಲ್ಲಿ ಒಳರಸ್ತೆಗಳಲ್ಲಿ ಒಂಟೆ ಅಡ್ಡ ಬರುವುದು ತಮಾಷೆಯ ಮಾತಲ್ಲ. ಅದೂ ಅಲ್ಲದೆ, ಮರಳಿನಲ್ಲಿ ಜೋರಾಗಿ ತಿರುಗಿಸಿದರೆ ಟೈರಿನ ಅಂಚು ರಿಮ್‌ನಿಂದ ಕಳಚಿಕೊಳ್ಳುವುದುಂಟು. ಅಲ್ಲಿಯಾದರೆ ನಕ್ಕು, ಜಾಕ್ ಹಾಕಿ, ಮತ್ತೆ ಕೂರಿಸುತ್ತೇವೆ. ಡಾಂಬರಿನ ಹಿಡಿತ ಮರಳಿನದಕ್ಕಿಂತ ಎಷ್ಟೋ ಹೆಚ್ಚು, ಹಾಗಾಗಿ ರೌಂಡ್ ಅಬೌಟ್ ತಿರುವಿನಲ್ಲಿ ಟೈರನ್ನು ಪಕ್ಕಕ್ಕೆ ಎಳೆಯುವ ಬಲವೂ ಹೆಚ್ಚು.

ಹಾಗಾದರೆ ಡಾಂಬರು ಮುಟ್ಟಲೇಬಾರದೇ ಎಂದರೆ, ಹಾಗೇನಿಲ್ಲ. ಅತಿ ಕಟ್ಟುನಿಟ್ಟಿನವರ ಮಾತು ನನಗೆ ಒಪ್ಪಿಗೆಯಿಲ್ಲ. ದುಬೈ–ಹತ್ತಾ ರಸ್ತೆಯಲ್ಲಿ ಅಲ್ ಬದಾಯರ್ ಬಳಿ, ಎಲ್ಲರೂ ಬಿಗ್ ರೆಡ್ ಅನ್ನುವ ಕೆಂಪು ದಿಬ್ಬದ ಪಕ್ಕದಲ್ಲಿ, ರಸ್ತೆಯ ಒಂದು ಬದಿಯ ಮರಳಿನಿಂದ ಇನ್ನೊಂದು ಬದಿಗೆ ಹೋಗಬೇಕಾದಾಗ ಯಾರೂ ಎರಡೆರಡು ಸಲ ಗಾಳಿ ತುಂಬಿಸುತ್ತಾ ಕೂರುವುದಿಲ್ಲ. ಒಂದೆರಡು ಕಿಲೋಮೀಟರ್, ಸರ್ವೀಸ್ ರಸ್ತೆಯಲ್ಲಿ, 30–40ರ ವೇಗ ಮೀರದೆ, ಹಜಾರ್ಡ್ ದೀಪ ಹಾಕಿಕೊಂಡು ಹೋದರೆ ಟೈರಿಗೆ ಏನೂ ಆಗುವುದಿಲ್ಲ. ಶಾಖ ಸೇರಿಕೊಳ್ಳಲು ವೇಗವೂ ಬೇಕು, ಹೊತ್ತೂ ಬೇಕು. ಭಾರ ಹೆಚ್ಚಿದ್ದರೆ ಇವೆರಡೂ ಕಡಿಮೆ ಸಾಕು. ಗಂಟೆಗೆ 120 ಓಡುವ ರಸ್ತೆಯಲ್ಲಿ 40ರಲ್ಲಿ ತೆವಳುವುದು ಮಾತ್ರ ಬೇರೆಯದೇ ಅಪಾಯ, ಹಿಂದಿನಿಂದ ಬರುವ ಲಾರಿಗೆ ನಿಮ್ಮ ಟೈರಿನ ಕಥೆ ಗೊತ್ತಿರುವುದಿಲ್ಲ. ಆದ್ದರಿಂದ ಹೆದ್ದಾರಿಯೇ ದಾರಿಯಾಗಿದ್ದರೆ ಗಾಳಿ ಮರಳಿನ ಅಂಚಿನಲ್ಲೇ ತುಂಬಿಸಬೇಕು. ಪೂರ್ತಿ 35 ಆಗದಿದ್ದರೂ 28, 30ರ ತನಕ ಏರಿಸಿ ಮೆಲ್ಲಗೆ ಪಂಪಿಗೆ ಹೋಗುವುದು 15ರಲ್ಲಿ ಹೋಗುವುದಕ್ಕಿಂತ ಎಷ್ಟೋ ವಾಸಿ.

ಸ್ವಂತ ಕಂಪ್ರೆಸರ್ ಇಲ್ಲದವರನ್ನು ನಮ್ಮ ಗುಂಪಿನಲ್ಲಿ ಕರೆದುಕೊಂಡು ಹೋಗುವುದೇ ಇಲ್ಲ. ಸಿಗರೇಟ್ ಸಾಕೆಟ್ಟಿಗೆ ಚುಚ್ಚುವ ಆಟಿಕೆಯಂಥವು ಈ ಗಾತ್ರದ ಟೈರಿನ ಮುಂದೆ ಉಸಿರು ಬಿಡುತ್ತವೆ, ಫ್ಯೂಸನ್ನೂ ಸುಡುತ್ತವೆ. ಬೇಕಾದದ್ದು ಬ್ಯಾಟರಿಗೇ ಕ್ಲಿಪ್ ಹಾಕುವಂಥದ್ದು. ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ಕೆಂಪು ಕ್ಲಿಪ್ಪು ಕಪ್ಪು ಕ್ಲಿಪ್ಪು ಕಚ್ಚಿಸಿ, ಪೈಪನ್ನು ನಿಪ್ಪಲ್‌ಗೆ ತಿರುಗಿಸುವಾಗ ಒಂದು ಕ್ಷಣ ಬುಸ್ಸೆಂದು ಗಾಳಿ ಸೋರುತ್ತದೆ, ಬಿಗಿಯಾದ ಮೇಲೆ ಬರೀ ಕಂಪ್ರೆಸರಿನ ಗಟಗಟ. ಮಾಪಕದ ಮುಳ್ಳು ಏರುವುದು ಕಾಣುವುದೇ ಇಲ್ಲ. ಆದರೆ ಪಕ್ಕಕ್ಕೆ ಕೂತು ನೋಡಿದರೆ ಗೋಡೆಯ ಉಬ್ಬು ನಿಧಾನಕ್ಕೆ ಒಳ ಸರಿದು, ರಿಮ್‌ನ ಅಂಚು ನೆಲದಿಂದ ಮೇಲೇರುತ್ತದೆ. ಎರಡನೇ ಚಕ್ರದ ಹೊತ್ತಿಗೆ ಕಂಪ್ರೆಸರಿನ ಸಿಲಿಂಡರ್ ಮುಟ್ಟಿದರೆ ಕೈ ಸುಡುತ್ತದೆ, ಅದಕ್ಕೆ ವಿಶ್ರಾಂತಿ ಕೊಡಬೇಕು. ಆ ಹೊತ್ತಿಗೆ ಯಾರೋ ಫ್ಲಾಸ್ಕ್ ತೆಗೆಯುತ್ತಾರೆ, ಕರಕ್ ಚಹಾ ಬರುತ್ತದೆ, ಯಾರ ಗಾಡಿ ಹೇಗೆ ಹೂತಿತು ಎಂಬ ಪುರಾಣ ಮುಗಿಯುವಷ್ಟರಲ್ಲಿ ನಾಲ್ಕೂ ಚಕ್ರ ತಯಾರು.

ಇನ್ನೊಂದು ಸೂಕ್ಷ್ಮ: ದಿಬ್ಬ ಹತ್ತಿಳಿದ ಟೈರ್ ಬಿಸಿಯಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಉಷ್ಣತೆ ಐದಾರು ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಸಂಜೆ 35 ತೋರಿಸಿದ ಮಾಪಕ ಮರುದಿನ ಬೆಳಿಗ್ಗೆ 32 ತೋರಿಸಿದರೆ ಪಂಕ್ಚರ್ ಎಂದು ಓಡಬೇಕಿಲ್ಲ, ತಣ್ಣಗಿರುವಾಗಲೇ ಸರಿಮಾಡಿಕೊಂಡರಾಯಿತು. ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋದರೆ ಮಾತ್ರ ಟೈರಿನ ಅಂಚಿಗೂ ರಿಮ್‌ಗೂ ನಡುವೆ ಮರಳು ಸೇರಿಕೊಂಡಿರಬಹುದು. ಗಾಡಿ 100 ದಾಟಿದ ಕೂಡಲೇ ನಡುಗಿದರೆ ಬ್ಯಾಲೆನ್ಸಿಂಗಿಗೆ ದುಡ್ಡು ಕೊಡುವ ಮೊದಲು ರಿಮ್‌ನ ಒಳಬದಿಗೆ ಜೋರಾಗಿ ನೀರು ಹೊಡೆಸಿ, ಅಲ್ಲಿ ಹೆಪ್ಪುಗಟ್ಟಿದ ಮರಳು ಮುದ್ದೆಮುದ್ದೆಯಾಗಿ ಬೀಳುತ್ತದೆ.

ಕೆಲಸ ಸಿಕ್ಕಿ ಇಲ್ಲಿಗೆ ಬರುವ ನಮ್ಮ ಕಡೆಯ ಹುಡುಗರು ಮೊದಲ ವರ್ಷ ಸೆಕೆಂಡ್ ಹ್ಯಾಂಡ್ ಗಾಡಿಯೇ ಕೊಳ್ಳುವುದು. ಜಾಹೀರಾತಿನಲ್ಲಿ "ಮರಳಿಗೆ ಹೋಗಿಲ್ಲ" ಎಂದು ಎಲ್ಲರೂ ಬರೆಯುತ್ತಾರೆ. ಟೈರಿನ ಮೇಲಿನ ನಾಲ್ಕು ಅಂಕಿ ಓದಿ ಅದು ಯಾವ ವಾರ, ಯಾವ ವರ್ಷ ತಯಾರಾಯಿತು ಎಂದು ಎಲ್ಲರೂ ನೋಡುತ್ತಾರೆ, 2323 ಎಂದರೆ 2023ರ 23ನೇ ವಾರ. ಒಳಗೆ ಯಾರೂ ಇಣುಕುವುದಿಲ್ಲ. ಕೊಳ್ಳುವ ಮೊದಲು ಒಂದು ಟೈರನ್ನಾದರೂ ರಿಮ್‌ನಿಂದ ಬಿಚ್ಚಿಸಿ, ಒಳಗೆ ಬೆರಳು ಹಾಕಿ ನೋಡಿ. ಬಿಚ್ಚಿಸಲು ಮಾರುವವನು ಬೇಡ ಎಂದರೆ ನಾಲ್ಕು ಹೊಸ ಟೈರಿನ ದುಡ್ಡು ಕಳೆದು ಬೆಲೆ ಹೇಳಿ.