ಸಂತೆಯಲ್ಲಿ ಸಿಕ್ಕ ಗುಂಡಿ ಸರ

12 ಜುಲೈ 2025, ಶನಿವಾರ
ಬ್ರಿಮ್‌ಫೀಲ್ಡ್, ಮ್ಯಾಸಚೂಸೆಟ್ಸ್

ಇಲ್ಲಿ ವರ್ಷಕ್ಕೆ ಮೂರು ಸಲ ಹಳೆ ಸಾಮಾನಿನ ದೊಡ್ಡ ಸಂತೆ ಸೇರುತ್ತದೆ, ಶುರುವಾದದ್ದು 1959ರಲ್ಲಿ. ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಕುರ್ಚಿ, ಲಾಟೀನು ಯಾವುದೂ ನನಗೆ ಬೇಡ. ಹೋಗಿದ್ದೇ ಗುಂಡಿ ಸರ ಹುಡುಕಲು.

ಅಂಗಿಗೆ ಹೊಲಿಯುವ ಅದೇ ಗುಂಡಿ. 1860ರ ದಶಕದಿಂದ ಆ ಶತಮಾನದ ಕೊನೆಯವರೆಗೂ ಅಮೆರಿಕದ ಹುಡುಗಿಯರಿಗೆ ಇದನ್ನು ಪೋಣಿಸುವ ಹುಚ್ಚು. ಒಂದರ ಹಾಗೆ ಇನ್ನೊಂದು ಇರಬಾರದು. ದುಡ್ಡು ಕೊಟ್ಟು ಕೊಳ್ಳುವಂತಿಲ್ಲ. ಅಜ್ಜಿಯೋ ಗೆಳತಿಯೋ ಕೊಡಬೇಕು, ಇಲ್ಲ ಅದಲು ಬದಲು ಮಾಡಿಕೊಳ್ಳಬೇಕು. 999 ಆದ ಮೇಲೆ ಸಾವಿರನೆಯದನ್ನು ತರುವವನೇ ಮದುವೆ ಗಂಡು ಅಂತ ನಂಬಿಕೆ. ಸಾವಿರನೆಯದನ್ನು ತಾನೇ ಪೋಣಿಸಿಕೊಂಡವಳಿಗೆ ಮದುವೆಯೇ ಇಲ್ಲವಂತೆ! ಮಾರುವವರೆಲ್ಲ ಮೊದಲು ಹೇಳುವುದು ಇದನ್ನೇ. ವ್ಯಾಪಾರಕ್ಕೆ ಒಳ್ಳೆಯದು ಅಲ್ವಾ. ನನಗೆ ಹಿಡಿಸುವುದು ಬೇರೆ. ಮನೆಗೆ ಬಂದವರ ಮುಂದೆ ಸರ ಹರಡಿಕೊಂಡು, ಇದು ಯಾರು ಕೊಟ್ಟದ್ದು, ಯಾರ ಕೋಟಿನದು ಅಂತ ಹುಡುಗಿ ಒಂದೊಂದಾಗಿ ಹೇಳುತ್ತಿದ್ದಳು. ಎಲ್ಲ ಬಾಯಿಪಾಠ.

ಇವತ್ತು ಸಿಕ್ಕಿದ್ದು ತಗಡಿನ ಡಬ್ಬದಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಸಾವಿರವಂತೂ ಇಲ್ಲ. ಜಾಸ್ತಿ ಇದ್ದದ್ದು ಪುಟ್ಟ ಗಾಜಿನ ಗುಂಡಿಗಳು. ಒಂದು ಕಪ್ಪು ಗುಂಡಿಯನ್ನು ಕೆನ್ನೆಗೆ ಒತ್ತಿದೆ. ತಣ್ಣಗೆ ಕೊರೆಯಿತು, ಕೈಗೂ ಭಾರ. ಹಾಗಾದರೆ ಗಾಜೇ. ಜೆಟ್ ಅಂದರೆ ಒಡವೆಗೆ ಬಳಸುವ, ಕಲ್ಲಿದ್ದಲಿನ ಜಾತಿಯ ಕಪ್ಪು ಕಲ್ಲು. ನಿಜವಾದ ಜೆಟ್ ಹಗುರ, ಅಷ್ಟು ತಣ್ಣಗಿರಲ್ಲ. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಕಪ್ಪು ಬಿಡಲೇ ಇಲ್ಲ. ಅವಳನ್ನು ನೋಡಿ ಜೆಟ್ ಎಲ್ಲರಿಗೂ ಬೇಕಾಯಿತು. ಅದು ದುಬಾರಿ, ಹಾಗಾಗಿ ಉಳಿದವರಿಗೆ ಗಾಜು. ಪಕ್ಕದಲ್ಲಿ ಗಟ್ಟಿ ರಬ್ಬರಿನ ಗುಂಡಿ. ಅದರ ಹಿಂಬದಿಗೆ ಗುಡ್‌ಇಯರ್ ಹೆಸರು, 1851 ಅಂತ ಅಚ್ಚು. ಅದು ಗಟ್ಟಿ ರಬ್ಬರಿನ ಪೇಟೆಂಟಿನ ವರ್ಷ. ಗುಂಡಿ ಎಷ್ಟೋ ವರ್ಷ ಆಮೇಲಿನದೂ ಇರಬಹುದು. ಹೂವಿನ ಚಿತ್ತಾರದ ಪಿಂಗಾಣಿಯದೂ ಒಂದಿತ್ತು, ಚೀಟಿ ಬಟ್ಟೆಗೆ, ಅಂದರೆ ಚಿತ್ತಾರ ಅಚ್ಚಾದ ಹತ್ತಿ ಬಟ್ಟೆಗೆ, ಹೊಂದಲಿ ಅಂತ ಮಾಡುತ್ತಿದ್ದದ್ದು.

“ಯಾವುದು ಬೇಕೋ ತೋರಿಸಿ, ಕತ್ತರಿಸಿ ಕೊಡ್ತೀನಿ” ಅಂದರು ಅಂಗಡಿಯಾಕೆ. ನನಗೆ ಮೈ ಉರಿಯಿತು. ಆದರೆ ಅವರನ್ನು ಅಂದು ಏನು ಪ್ರಯೋಜನ? 1938ರಲ್ಲಿ ಅಮೆರಿಕದಲ್ಲಿ ಗುಂಡಿ ಸಂಗ್ರಹಕಾರರ ರಾಷ್ಟ್ರೀಯ ಸಂಘವೇ ಹುಟ್ಟಿತು. ಗಾಜು ಒಂದು ಕಡೆ, ಪಿಂಗಾಣಿ ಒಂದು ಕಡೆ ಅಂತ ಕಾರ್ಡಿಗೆ ಹೊಲಿದು ಸ್ಪರ್ಧೆಗೆ ಇಡುತ್ತಾರೆ. ಎಷ್ಟೋ ಸರ ಬಿಚ್ಚಿದ್ದು ನಮ್ಮಂಥ ಸಂಗ್ರಹದವರೇ. ಕಾರ್ಡು ನೋಡಲು ಚೆಂದ, ಒಪ್ಪುತ್ತೇನೆ. ಯಾವುದರ ಪಕ್ಕ ಯಾವುದಿತ್ತು ಅನ್ನುವುದು ಮಾತ್ರ ಹೋಯಿತು.

ಚೌಕಾಸಿ ಮಾಡಿ ಇಡೀ ಸರ ತಂದೆ. ದಾರ ಪಿಸಿಯುತ್ತಿದೆ. ನಾಳೆ ಫೋಟೋ ತೆಗೆದುಕೊಂಡು ಅದೇ ಸಾಲಿನಲ್ಲಿ ಹೊಸ ದಾರಕ್ಕೆ ದಾಟಿಸಬೇಕು. ನೈಲಾನ್ ಹಾಕು ಅಂತಾಳೆ ಅಕ್ಕ. ನನಗೆ ಮೇಣ ಹಚ್ಚಿದ ದಪ್ಪ ಹತ್ತಿ ದಾರವೇ ಸರಿ ಅನ್ನಿಸುತ್ತದೆ. ಗುಂಡಿಗಳ ಹಿಂಬದಿಯ ತಂತಿ ಕೊಂಡಿಗಳು ಚೂಪಾಗಿವೆ, ತೆಳು ದಾರವಾದರೆ ಕುಯ್ದುಬಿಡುತ್ತವೆ.