ಅತ್ತೆ ಮಾವನವರೊಂದಿಗೆ ಬಾದಾಮಿ, ಪಟ್ಟದಕಲ್ಲು, ಐಹೊಳೆ: ಮೆಟ್ಟಿಲುಗಳ ಲೆಕ್ಕ ಹಾಕಿ ಮಾಡಿದ ಪ್ರವಾಸ

ಕಳೆದ ಡಿಸೆಂಬರ್‌ನಲ್ಲಿ 74 ವರ್ಷದ ಮಾವನವರು, ಅತ್ತೆಯವರು, ನನ್ನ ಪತಿ, ನಾನು ಮತ್ತು 10 ವರ್ಷದ ಮಗಳು ಬೆಂಗಳೂರಿನಿಂದ ನಮ್ಮದೇ ಕಾರಿನಲ್ಲಿ ಹಂಪಿ ಮತ್ತು ಬಾದಾಮಿಯ ಕಡೆಗೆ ಹೋಗಿ ಬಂದೆವು. ಹೊಸಪೇಟೆಯಲ್ಲಿ ಎರಡು ರಾತ್ರಿ, ಬಾದಾಮಿಯಲ್ಲಿ ಮೂರು ರಾತ್ರಿ ತಂಗಿದೆವು. ಹಿರಿಯರನ್ನು ಕರೆದುಕೊಂಡು ಇದೇ ದಾರಿಯಲ್ಲಿ ಹೊರಡುವವರಿಗೆ ನಾನು ಮೊದಲು ಹೇಳಬೇಕಾದದ್ದು ಒಂದಿದೆ. ನಕ್ಷೆ ಬಿಡಿಸಿ ಕಿಲೋಮೀಟರುಗಳನ್ನು ಕೂಡಿಸುವ ಮೊದಲು, ಮನೆಯ ಹಿರಿಯರನ್ನು ಕೂರಿಸಿಕೊಂಡು ಅವರು ಯಾವ ಬೆಟ್ಟವನ್ನು ಹತ್ತಲೇಬೇಕೆಂದು ಬಯಸುತ್ತಾರೆ ಎಂದು ಕೇಳಿ, ಆ ಒಂದು ಏರಿಗೆ ಬೆಳಗಿನ ತಂಪು ಹೊತ್ತನ್ನು ಮೀಸಲಿಡಿ. ಉಳಿದ ಕಾರ್ಯಕ್ರಮ ಅದರ ಸುತ್ತ ತಾನಾಗಿ ಹೊಂದಿಕೊಳ್ಳುತ್ತದೆ.

ಮಾವನವರ ಉತ್ತರ ನಮಗೆ ಅನಿರೀಕ್ಷಿತವಾಗಿತ್ತು. ಬಾದಾಮಿಯ ಗುಹೆಗಳಿಗಿಂತ ಐಹೊಳೆಯ ಮೇಗುತಿ ಬಸದಿಯ ಶಾಸನವನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಬಹುದಿನದ ಆಸೆ. ಅತ್ತೆಯವರಿಗೆ ಬನಶಂಕರಿಯ ದರ್ಶನವಾದರೆ ಸಾಕಿತ್ತು. ಇದು ತಿಳಿಯದೆ ಹೊರಟಿದ್ದರೆ ಮೊದಲ ದಿನವೇ ಮಾವನವರ ಮಂಡಿಯ ಶಕ್ತಿಯನ್ನೆಲ್ಲ ಬಾದಾಮಿಯಲ್ಲಿ ಖರ್ಚು ಮಾಡಿಸಿಬಿಡುತ್ತಿದ್ದೆವು.

ಹಂಪಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ವಿಜಯ ವಿಠ್ಠಲ ದೇವಾಲಯಕ್ಕೆ ವಾಹನ ನಿಲುಗಡೆಯ ಜಾಗದಿಂದ ಬ್ಯಾಟರಿ ಗಾಡಿಗಳು ಹೋಗುತ್ತವೆ. ರಜಾ ದಿನಗಳಲ್ಲಿ ಅಲ್ಲಿ ಸಾಲು ಬೆಳೆಯುವುದರಿಂದ ಬೆಳಿಗ್ಗೆ ಮೊದಲು ಅಲ್ಲಿಗೇ ಹೋಗಿ, ವಿರೂಪಾಕ್ಷನ ಗುಡಿಯನ್ನು ಸಂಜೆಗೆ ಇಟ್ಟುಕೊಳ್ಳಿ. ಬಂಡೆಗಳು ಕಾದ ನಡುಹಗಲಿನಲ್ಲಿ ಹಿರಿಯರನ್ನು ಹೊರಗೆ ಅಲೆದಾಡಿಸಬೇಡಿ.

ಬಾದಾಮಿಗೆ ಬಂದ ದಿನ ವಸತಿಯ ವಿಷಯದಲ್ಲಿ ನಾವು ಒಂದು ಪಾಠ ಕಲಿತೆವು. ಲಿಫ್ಟ್ ಇದೆಯೆಂದು ಫೋನಿನಲ್ಲಿ ಒಪ್ಪಿಕೊಂಡಿದ್ದವರು ನಮಗೆ ಎರಡನೆಯ ಮಹಡಿಯ ಕೋಣೆ ಕೊಟ್ಟರು, ಲಿಫ್ಟ್ ಮಾತ್ರ ಕೆಟ್ಟು ನಿಂತಿತ್ತು. ನೆಲಮಹಡಿಯ ಕೋಣೆಗಾಗಿ ಅರ್ಧ ಗಂಟೆ ಕಾಯಬೇಕಾಯಿತು. ಆದ್ದರಿಂದ ಕೋಣೆ ಗೊತ್ತುಮಾಡುವಾಗ ಲಿಫ್ಟಿನ ಮಾತೇ ಬೇಡ, ನೆಲಮಹಡಿಯನ್ನೇ ಕೇಳಿ. ಪುಷ್ಯ ಮಾಸದಲ್ಲಿ ಬನಶಂಕರಿ ಜಾತ್ರೆ ನಡೆಯುವುದರಿಂದ, ಜನವರಿಯ ಪ್ರವಾಸವಾದರೆ ಬನದ ಹುಣ್ಣಿಮೆ ಎಂದು ಬರುತ್ತದೆಂಬುದನ್ನು ಪಂಚಾಂಗದಲ್ಲಿ ಮೊದಲೇ ನೋಡಿಕೊಳ್ಳಿ.

ಮರುದಿನ ಬೆಳಿಗ್ಗೆ, ಊರಿನಿಂದ ಸುಮಾರು 5 ಕಿಲೋಮೀಟರ್ ದೂರದ ಬನಶಂಕರಿಗೆ ಎಲ್ಲಕ್ಕಿಂತ ಮೊದಲು ಹೋದೆವು. ಅತ್ತೆಯವರ ಮನಸ್ಸು ಅಲ್ಲಿ ತುಂಬಿದ ಮೇಲೆ ಉಳಿದ ದಿನಗಳಲ್ಲಿ ಅವರು ಯಾವುದಕ್ಕೂ ಅವಸರಪಡಲಿಲ್ಲ. ಹಿರಿಯರ ಹರಕೆಯನ್ನು ಕೊನೆಯ ದಿನಕ್ಕೆ ತಳ್ಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗುಹೆಗಳಿಗೆ ಹೋದದ್ದು ಅದೇ ದಿನ ಮಧ್ಯಾಹ್ನ ಮೂರರ ನಂತರ. ಇಲ್ಲಿ ಹಿರಿಯರಿಗೆ ಅನುಕೂಲವಾದ ಸಂಗತಿಯೊಂದಿದೆ: ಹದಿನೆಂಟು ಕೈಗಳ ನಟರಾಜನಿರುವುದು ಎಲ್ಲಕ್ಕಿಂತ ಕೆಳಗಿನ ಮೊದಲ ಗುಹೆಯ ಹೊರಬದಿಯಲ್ಲಿ. ಮಾವನವರು ಅಷ್ಟನ್ನೇ ಹತ್ತಿ, ಶಿವನ ಕೈಗಳನ್ನು ಮೊಮ್ಮಗಳ ಜೊತೆ ಎಣಿಸಿ, ನನ್ನ ಪತಿಯೊಂದಿಗೆ ನಿಧಾನವಾಗಿ ಇಳಿದರು. ಉಳಿದ ನಾವು ಮೂವರು ಮೂರನೆಯ ಗುಹೆಯವರೆಗೆ ಹೋದೆವು. ಎರಡನೆಯದರಿಂದ ಅಲ್ಲಿಗೆ ಇನ್ನೂ ಅರವತ್ತರಷ್ಟು ಮೆಟ್ಟಿಲುಗಳಿವೆ. ಮಂಗಳೇಶನ ಶಾಸನದಿಂದಾಗಿ ಅದು 578ರಲ್ಲಿ ಸಿದ್ಧವಾದದ್ದೆಂದು ಖಚಿತವಾಗಿ ತಿಳಿಯುತ್ತದೆ. ಆದಿಶೇಷನ ಮೇಲೆ ಕುಳಿತ ವಿಷ್ಣುವಿನ ಎದುರು ಅತ್ತೆಯವರು ಬಹಳ ಹೊತ್ತು ನಿಂತಿದ್ದರು. ಮೆಟ್ಟಿಲುಗಳ ಉದ್ದಕ್ಕೂ ಕೋತಿಗಳಿರುತ್ತವೆ. ತಿಂಡಿಯ ಪೊಟ್ಟಣವನ್ನಾಗಲಿ ಪ್ಲಾಸ್ಟಿಕ್ ಚೀಲವನ್ನಾಗಲಿ ಕೈಯಲ್ಲಿ ಹಿಡಿದು ಹತ್ತಬೇಡಿ. ಸಂಜೆಯ ಬಿಸಿಲು ಅಗಸ್ತ್ಯ ತೀರ್ಥದ ಪೂರ್ವ ದಡದಲ್ಲಿರುವ ಭೂತನಾಥನ ಗುಡಿಯ ಮೇಲೆ ಬೀಳುವ ಹೊತ್ತಿಗೆ ಕೆರೆಯ ಬಳಿ ಇರುವಂತೆ ನೋಡಿಕೊಳ್ಳಿ. ಅಲ್ಲಿನ ಪುರಾತತ್ವ ವಸ್ತು ಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಮೂರನೆಯ ದಿನ ಸೂರ್ಯ ಏರುವ ಮುನ್ನವೇ ಹೊರಟು ನೇರವಾಗಿ ಐಹೊಳೆ ತಲುಪಿದೆವು. ಪಟ್ಟದಕಲ್ಲು ದಾರಿಯಲ್ಲೇ ಸಿಕ್ಕರೂ ಅದನ್ನು ದಾಟಿ ಮುಂದಕ್ಕೆ ಹೋಗಲು ಕಾರಣ ಮೇಗುತಿಯ ಬೆಟ್ಟ. ಪಟ್ಟದಕಲ್ಲಿನ ಗುಡಿಗಳು ಸಮತಟ್ಟಾದ ಆವರಣದಲ್ಲಿರುವುದರಿಂದ ಅವುಗಳನ್ನು ಹಿಂದಿರುಗುವಾಗ ನೋಡಬಹುದು. ಬೆಟ್ಟವನ್ನು ಮಾತ್ರ ಹತ್ತು ಗಂಟೆಯ ನಂತರ ಹತ್ತುವುದು ಕಷ್ಟ. ಮಾವನವರು ಕೋಲೂರಿಕೊಂಡು, ನಾಲ್ಕು ಕಡೆ ಕುಳಿತು, ಮೇಲೆ ಬಂದರು. ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಹಾಡಿಹೊಗಳುವ ರವಿಕೀರ್ತಿಯ ಶಾಸನ 634ರದ್ದು. ಭಾಷೆ ಸಂಸ್ಕೃತವಾದರೂ ಲಿಪಿ ಹಳಗನ್ನಡದ್ದು. ಕಾಳಿದಾಸ ಮತ್ತು ಭಾರವಿಯರ ಹೆಸರು ಅದರಲ್ಲಿ ಬರುವುದರಿಂದ ಆ ಕವಿಗಳ ಕಾಲನಿರ್ಣಯಕ್ಕೂ ಅದು ಆಧಾರ. ನೋಂದಣಿ ಕಚೇರಿಯಲ್ಲಿ ಜೀವಮಾನವೆಲ್ಲ ದಸ್ತಾವೇಜುಗಳನ್ನು ನಕಲು ಮಾಡಿದ ಮಾವನವರು, ಕಲ್ಲನ್ನು ಮುಟ್ಟದೆ, ಸಾಲಿನ ಗುಂಟ ಗಾಳಿಯಲ್ಲೇ ಬೆರಳಾಡಿಸುತ್ತ ಅಕ್ಷರಗಳನ್ನು ಬರೆಯುತ್ತಿದ್ದರು. ಕೊನೆಗೆ, "ಇಷ್ಟು ಸಾಲು ಬರೆದರೂ ಒಂದೇ ಅಳತೆ ಇಟ್ಟಿದ್ದಾನೆ ನೋಡಮ್ಮ" ಎಂದರು.

ನಾವು ಮೇಲಿದ್ದ ಹೊತ್ತಿನಲ್ಲಿ ಅತ್ತೆಯವರು ಮೊಮ್ಮಗಳೊಂದಿಗೆ ಕೆಳಗೆ ದುರ್ಗ ದೇವಾಲಯದಲ್ಲಿದ್ದರು. ಹಿಂಭಾಗ ಅರ್ಧವೃತ್ತಾಕಾರದಲ್ಲಿರುವ ಆ ಗುಡಿಯ ಸುತ್ತ ಕಂಬಗಳ ಮೊಗಸಾಲೆಯಿದ್ದು, ನೆರಳಿನಲ್ಲೇ ಪ್ರದಕ್ಷಿಣೆ ಹಾಕಬಹುದು. ಹತ್ತಲಾಗದವರಿಗೆ ಬೇಸರವಾಗದಂತೆ ಹೊತ್ತು ಕಳೆಯಲು ಐಹೊಳೆಯಲ್ಲಿ ಇದಕ್ಕಿಂತ ಒಳ್ಳೆಯ ತಾಣವಿಲ್ಲ. ಹೆಸರು ಬಂದಿರುವುದು ದುರ್ಗಾದೇವಿಯಿಂದಲ್ಲ, ಕೋಟೆ ಎಂಬ ಅರ್ಥದ ದುರ್ಗದಿಂದ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿಡಿ. ಅತ್ತೆಯವರು ಗರ್ಭಗುಡಿಯಲ್ಲಿ ದೇವಿಯನ್ನು ಹುಡುಕಿ ನಿರಾಶರಾಗಿದ್ದರು.

ಅವರ ಆ ನಿರಾಶೆ ಪಟ್ಟದಕಲ್ಲಿನಲ್ಲಿ ತೀರಿತು. ಎರಡನೆಯ ವಿಕ್ರಮಾದಿತ್ಯನು ಕಂಚಿಯ ಪಲ್ಲವರನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕು. ಕಾದ ಹಾಸುಗಲ್ಲಿನ ಮೇಲೆ ನಡೆಯಲು ದಪ್ಪ ಕಾಲುಚೀಲಗಳನ್ನು ಒಯ್ದದ್ದು ಬಹಳ ಉಪಯೋಗಕ್ಕೆ ಬಂತು. ಒಳಗಿನ ಕಂಬದ ಮೇಲೆ ಸೀತೆಯನ್ನು ಹೊತ್ತೊಯ್ಯುವ ರಾವಣನನ್ನೂ ಅವನನ್ನು ತಡೆಯುವ ಜಟಾಯುವನ್ನೂ ಕಂಡ ಅತ್ತೆಯವರು ಅಲ್ಲೇ ನಿಂತು ಮಗಳಿಗೆ ಇಡೀ ಪ್ರಸಂಗವನ್ನು ಹೇಳಿದರು. ಪಕ್ಕದಲ್ಲಿದ್ದ ಬೇರೆ ಮಕ್ಕಳೂ ಬಂದು ಕೇಳಿದರು. ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡರೂ ಕಥೆ ಹೇಳುವ ಇಂಥ ಅವಕಾಶವನ್ನು ಹಿರಿಯರಿಗೇ ಬಿಟ್ಟುಕೊಡಿ.

ಕಾರಿನೊಳಗಿನ ವ್ಯವಸ್ಥೆಯ ಬಗ್ಗೆ ಎರಡು ಮಾತು. ಔಷಧಿಗಳು ಡಿಕ್ಕಿಯಲ್ಲಿರದೆ ಕೈಚೀಲದಲ್ಲಿರಲಿ. ಮಂಡಿನೋವಿರುವವರನ್ನು ಮುಂದಿನ ಆಸನದಲ್ಲಿ ಕೂರಿಸಿ, ಒಂದೂವರೆ ಗಂಟೆಗೊಮ್ಮೆ ಇಳಿಸಿ ನಡೆಸಿ. ಶೌಚಾಲಯ ಬೇಕೆಂದು ಹೇಳಲು ಹಿರಿಯರು ಸಂಕೋಚಪಡುತ್ತಾರೆ, ಆದ್ದರಿಂದ ಅವರು ಕೇಳುವ ಮೊದಲೇ ನಿಲ್ಲಿಸುವುದು ಒಳ್ಳೆಯದು. ಬಾದಾಮಿಯಿಂದ ಬೆಂಗಳೂರಿಗೆ ಸುಮಾರು 450 ಕಿಲೋಮೀಟರ್ ದೂರವಿದ್ದು, ನಾವು ಅದನ್ನು ಒಂದೇ ದಿನದಲ್ಲಿ ಮುಗಿಸದೆ ಚಿತ್ರದುರ್ಗದಲ್ಲಿ ರಾತ್ರಿ ತಂಗಿದೆವು. ಮರುದಿನ ಕೋಟೆಯ ಮೊದಲ ಬಾಗಿಲಿನವರೆಗೆ ಮಾತ್ರ ಹೋಗಿ, ಕಲ್ಲಿನ ಗೋಡೆಯ ನೆರಳಿನಲ್ಲಿ ಕುಳಿತಿದ್ದು ಊರಿನ ದಾರಿ ಹಿಡಿದೆವು.