ವಾರದ ನಡುವಿನ ಅರ್ಧ ದಿನ

ನವೆಂಬರ್ ಬಂತೆಂದರೆ ನನ್ನ ರಜೆಯ ಲೆಕ್ಕದಿಂದ ಒಂದು ದಿನವನ್ನು ಮೊದಲೇ ಕಳೆದಿಡುವುದು ಹಲವು ವರ್ಷಗಳ ರೂಢಿ. ಅಪ್ಪ ಅಂಚೆ ಇಲಾಖೆಯಲ್ಲಿ ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದವರು. ಈಗ ಅವರಿಗೆ 78 ವರ್ಷ. ಪಿಂಚಣಿ ತಡೆಯಿಲ್ಲದೆ ಬರಬೇಕಾದರೆ ತಾವು ಬದುಕಿದ್ದೇವೆಂಬುದನ್ನು ಅವರು ಪ್ರತಿ ವರ್ಷ ನವೆಂಬರ್ 30ರೊಳಗೆ ಲೈಫ್ ಸರ್ಟಿಫಿಕೇಟ್ ಕೊಟ್ಟು ಖಚಿತಪಡಿಸಬೇಕು. ಅವರಿರುವುದು ಬಾರ್ಕೂರಿನ ಹಳೆಯ ಮನೆಯಲ್ಲಿ, ನನ್ನ ಸೋದರತ್ತೆಯ ಜೊತೆಗೆ. ನಾನಿರುವುದು ಮಂಗಳೂರಿನ ಕೂಳೂರಿನಲ್ಲಿ. ಕೆಲಸ ಕೊಟ್ಟಾರ ಚೌಕಿಯ ಸಮೀಪದ ಒಂದು ಕಂಪೆನಿಯ ಲೆಕ್ಕಪತ್ರ ವಿಭಾಗದಲ್ಲಿ. ಗಂಡ ಕುವೈತಿನಲ್ಲಿದ್ದಾರೆ, ಮಗಳು ಏಳನೆಯ ತರಗತಿ. ಮೊಣಕಾಲು ನೋವಿನಿಂದಾಗಿ ಅಪ್ಪ ಒಬ್ಬರೇ ಬಸ್ಸು ಹತ್ತುವುದನ್ನು ಬಿಟ್ಟು ವರ್ಷಗಳಾದವು.

ಹಿಂದಿನ ವರ್ಷ ಆದದ್ದನ್ನು ಹೇಳದಿದ್ದರೆ ಈ ವರ್ಷದ್ದು ಅರ್ಥವಾಗುವುದಿಲ್ಲ. ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದು, ಉಡುಪಿಯಲ್ಲಿ ಬಸ್ಸು ಬದಲಿಸಿ, ಬ್ರಹ್ಮಾವರ ದಾಟಿ ಮನೆ ಸೇರಿ, ಅಪ್ಪನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋದರೆ, ಕೌಂಟರಿನ ಬೆರಳಚ್ಚು ಯಂತ್ರ ಅವರ ಬೆರಳನ್ನು ಗುರುತಿಸಲೇ ಇಲ್ಲ. ನಲವತ್ತು ವರ್ಷ ಮುದ್ರೆ ಒತ್ತಿ, ಅರಗು ಕರಗಿಸಿ, ಚೀಲ ಕಟ್ಟಿದ ಬೆರಳುಗಳು, ಗೆರೆಗಳು ಸವೆದಿದ್ದವು. ಅವರು ಪ್ರತಿ ಸಲವೂ ಬೆರಳನ್ನು ಪಂಚೆಯ ತುದಿಗೆ ಒರೆಸಿ ಮತ್ತೆ ಒತ್ತಿದರು. ನಾಲ್ಕು ಸಲ ಪ್ರಯತ್ನಿಸಿದ ಮೇಲೆ ಕೌಂಟರಿನವರು ‘ಇನ್ನೊಂದು ದಿನ ಬನ್ನಿ’ ಎಂದರು. ಹೀಗೆ ಒಂದು ರಜೆ ಎರಡಾಯಿತು. ಎರಡನೆಯ ದಿನ ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಆದ ದಣಿವು ದಾರಿಯದಾಗಿರಲಿಲ್ಲ. ಇಡೀ ದಿನ ಜೊತೆಗಿದ್ದರೂ ಅಪ್ಪನೊಡನೆ ಫಾರಮು, ಆಧಾರ್, ಟೋಕನ್ ಬಿಟ್ಟು ಬೇರೆ ಮಾತೇ ಆಡಿರಲಿಲ್ಲ.

ನೌಕರಿಯಲ್ಲಿರುವವರಿಗೆ ಸಮಯವಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನನಗೆ ಕಂಡಂತೆ ಕೊರತೆಯಿರುವುದು ಒಂದು ಬಗೆಯ ಸಮಯಕ್ಕೆ ಮಾತ್ರ. ರಾತ್ರಿ ಒಂಬತ್ತರ ನಂತರ ನನಗೂ ಒಂದು ಗಂಟೆ ಸಿಗುತ್ತದೆ, ಆದರೆ ಆಗ ಯಾವ ಕೌಂಟರೂ ತೆರೆದಿರುವುದಿಲ್ಲ. ಬ್ಯಾಂಕು, ಪಾಲಿಕೆ, ಆರ್‌ಟಿಒ, ಗ್ಯಾರೇಜು, ಆಸ್ಪತ್ರೆಯ ಹೊರರೋಗಿ ವಿಭಾಗ, ಇವೆಲ್ಲ ತೆರೆದಿರುವ ಹೊತ್ತಿನಲ್ಲೇ ನಾವು ನಮ್ಮ ಕುರ್ಚಿಯಲ್ಲಿರುತ್ತೇವೆ. ಶನಿವಾರ ರಜೆಯಿದೆಯಲ್ಲ ಎಂದರೆ, 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. 2019ರಿಂದ ರಾಜ್ಯ ಸರಕಾರಿ ಕಚೇರಿಗಳಿಗೂ ನಾಲ್ಕನೆಯ ಶನಿವಾರದ ರಜೆ ಸೇರಿತು. ಅಲ್ಲಿನ ನೌಕರರಿಗೂ ವಿಶ್ರಾಂತಿ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ನಮಗೆ ಬೇಕಾಗಿರುವುದು ವಾರದ ನಡುವಿನ ಒಂದು ಅರ್ಧ ದಿನ ಎಂಬುದಷ್ಟೇ ನನ್ನ ಮಾತು.

ಕಳೆದ ಮಳೆಗಾಲದಲ್ಲಿ ನಮ್ಮ ಕಂಪೆನಿಯವರು ಕೆಳ ಅಂತಸ್ತಿನಲ್ಲಿ, ಲಿಫ್ಟಿನ ಎದುರು, ಒಂದು ಮೇಜು ಹಾಕಿಸಿ ‘ಕಾನ್ಸಿಯರ್ಜ್ ಸೇವೆ’ ಎಂಬ ಫಲಕ ತೂಗಿಸಿದರು. ದೊಡ್ಡ ಹೋಟೆಲುಗಳಲ್ಲಿ ಅತಿಥಿಗಳಿಗೆ ಟಿಕೆಟು ತರಿಸಿ, ವಾಹನ ಗೊತ್ತುಮಾಡಿ, ಊರಿನ ಎಲ್ಲ ವಿವರ ಹೇಳುವವರಿಗೆ ಈ ಹೆಸರಿದೆ. ಕೋಟಿನ ಮೇಲೆ ಅಡ್ಡಡ್ಡ ಇಟ್ಟ ಎರಡು ಚಿನ್ನದ ಕೀಲಿಕೈಗಳ ಗುರುತು ಧರಿಸುವ ಹಿರಿಯರು ಅವರಲ್ಲಿ ಇರುತ್ತಾರೆ. ಅದೇ ಬಗೆಯ ನೆರವನ್ನು ನೌಕರರಿಗೆ ಸವಲತ್ತಾಗಿ ಕೊಡುವ ಪದ್ಧತಿ ಇದು. ಆ ಹೆಸರು ಬಾಯಿಗೆ ಹಿಡಿಯದೆ ನಾವೆಲ್ಲ ಅದನ್ನು ‘ಕೆಳಗಿನ ಡೆಸ್ಕು’ ಎಂದೇ ಕರೆಯತೊಡಗಿದೆವು. ಬೆಳಿಗ್ಗೆ ಹನ್ನೊಂದರೊಳಗೆ ಚೀಟಿ ಬರೆದು ಕೊಡಬೇಕು. ಸಾಮಾನಿನ ಬೆಲೆ, ಸರಕಾರಿ ಶುಲ್ಕ ನಮ್ಮದು, ಓಡಾಟದ ಖರ್ಚು ಕಂಪೆನಿಯದು. ಕೆಲಸವೆಲ್ಲ ನಗರದ ಮಿತಿಯೊಳಗೆ. ಒಟಿಪಿ ಕೇಳುವ ಕೆಲಸ, ಮನೆಯ ಬೀಗದ ಕೈ, ದೊಡ್ಡ ಮೊತ್ತದ ನಗದು, ಇವನ್ನು ಅವರು ಮುಟ್ಟುವುದಿಲ್ಲ. ಮೊದಲ ವಾರವೇ ಹಲವರು ಬಂದರಿನ ಧಕ್ಕೆಯಿಂದ ಮೀನು ತರಿಸಬಹುದೇ ಎಂದು ಕೇಳಿದ್ದರಿಂದ, ‘ಮೀನು, ಮಾಂಸ ಇಲ್ಲ’ ಎಂಬ ಸಾಲು ಆಮೇಲೆ ಸೇರಿತು.

ಆ ಮೇಜಿನಲ್ಲಿ ಕೂರುತ್ತಿದ್ದವನು ಬಿ.ಸಿ.ರೋಡಿನ ಕಡೆಯ ಇಪ್ಪತ್ತೈದರ ಆಸುಪಾಸಿನ ಹುಡುಗ. ತರಬೇತಿಯಲ್ಲಿ ‘ಮೇಡಂ’ ಎನ್ನಬೇಕೆಂದು ಕಲಿಸಿದ್ದರೂ ಎರಡನೆಯ ದಿನಕ್ಕೇ ನಾನು ಅವನಿಗೆ ‘ಅಕ್ಕ’ ಆದೆ. ನನ್ನ ಸ್ಕೂಟರಿನ ಎಮಿಷನ್ ಟೆಸ್ಟು, ಮಗಳ ಯೂನಿಫಾರಂ ಹೊಲಿಸಲು ಕೊಟ್ಟದ್ದು, ಕಂಕನಾಡಿಯ ಅಂಗಡಿಯಲ್ಲಿ ಮಾತ್ರ ಸಿಗುವ ಒಂದು ಔಷಧಿ, ಇವನ್ನೆಲ್ಲ ಅವನು ತನ್ನ ನೀಲಿ ಚೀಲದಲ್ಲಿ ಹೊತ್ತು ತಂದು, ರಶೀದಿಯ ಹಿಂದೆ ಚಿಲ್ಲರೆ ಲೆಕ್ಕ ಬರೆದು ಕೊಡುತ್ತಿದ್ದ. ಲೆಕ್ಕಪತ್ರದವಳಾದ ನನಗೆ ಆ ಬರಹ ನೋಡಿದರೆ ಗೌರವ ಹುಟ್ಟುತ್ತಿತ್ತು. ಒಂದು ರೂಪಾಯಿಯೂ ತಪ್ಪಿದ್ದಿಲ್ಲ.

ನವೆಂಬರ್ ಮೂರನೆಯ ವಾರದ ಒಂದು ಮಂಗಳವಾರ. ಲೆಕ್ಕ ತಪಾಸಣೆಯವರು ಬಂದು ಕುಳಿತಿದ್ದರು. ಆ ವಾರ ರಜೆ ಕೇಳುವ ಹಾಗಿರಲಿಲ್ಲ. ಅಪ್ಪನ ಸರ್ಟಿಫಿಕೇಟು ಹಾಗೆಯೇ ಉಳಿದಿತ್ತು. ಬಾರ್ಕೂರು ಮಂಗಳೂರಿನಿಂದ ಸುಮಾರು 70 ಕಿಲೋಮೀಟರು, ಡೆಸ್ಕಿನ ಮಿತಿಯಿಂದ ಆಚೆ, ಅದಕ್ಕೆ ಚೀಟಿ ಬರೆಯುವುದೇ ವ್ಯರ್ಥ ಎಂದುಕೊಂಡಿದ್ದೆ. ಔಷಧಿ ತೆಗೆದುಕೊಳ್ಳುವಾಗ ಮಾತಿಗೆ ಮಾತು ಬಂದು ಹೇಳಿದೆನಷ್ಟೆ. ಅವನು ತಲೆಯೆತ್ತಿ, “ಅದಕ್ಕೆ ನೀವು ಹೋಗುದು ಯಾಕೆ ಅಕ್ಕ? ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡ್ತಾರಲ್ಲ, 70 ರೂಪಾಯಿ ಅಷ್ಟೇ,” ಎಂದ.

ನಾನು ಅಂಚೆಯವರ ಮಗಳು, ಆದರೂ ನನಗೆ ಗೊತ್ತಿರಲಿಲ್ಲ. ಆಧಾರ್ ಆಧಾರಿತ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ಲೈಫ್ ಸರ್ಟಿಫಿಕೇಟ್ ವ್ಯವಸ್ಥೆ 2014ರ ನವೆಂಬರಿನಲ್ಲೇ ಆರಂಭವಾಗಿದೆ. ಅಂಚೆಯ ಪೇಮೆಂಟ್ಸ್ ಬ್ಯಾಂಕು 2020ರಿಂದ ಪೋಸ್ಟ್‌ಮ್ಯಾನ್‌ಗಳ ಮೂಲಕ ಇದನ್ನು ಮನೆಬಾಗಿಲಿಗೆ ತಂದಿದೆ. ಬೆರಳಚ್ಚು ಹಿಡಿಯದವರಿಗೆ 2021ರಿಂದ ಮುಖ ಗುರುತಿಸುವ ವಿಧಾನವೂ ಇದೆ. ಅವನು ನನ್ನೆದುರೇ ಬಾರ್ಕೂರಿನ ಅಂಚೆ ಕಚೇರಿಗೆ ಫೋನು ಹಚ್ಚಿ, ಅಪ್ಪನ ಹೆಸರು, ಮನೆಯ ದಾರಿ ಹೇಳಿ, ಪಿಂಚಣಿ ಆದೇಶದ ಸಂಖ್ಯೆಯನ್ನೂ ಆಧಾರ್ ಕಾರ್ಡನ್ನೂ ತೆಗೆದಿಡಲು ತಿಳಿಸಿ, ಮರುದಿನ ಹನ್ನೊಂದಕ್ಕೆ ನಿಗದಿ ಮಾಡಿದ. ಹತ್ತು ನಿಮಿಷವೂ ಹಿಡಿಯಲಿಲ್ಲ. ಇಂಥ ಸೇವೆಯಿಂದ ಆಗುವ ದೊಡ್ಡ ಉಪಕಾರ ಇದೇ ಎಂದು ನಾನು ತಿಳಿದಿದ್ದೇನೆ. ಇಸ್ತ್ರಿ ಬಟ್ಟೆ ತಂದುಕೊಡಲು ಯಾರಾದರೂ ಸಿಗುತ್ತಾರೆ. ಯಾವ ಕೆಲಸಕ್ಕೆ ಯಾವ ಬಾಗಿಲು, ಎಲ್ಲಿಗೆ ಹೋಗುವ ಅಗತ್ಯವೇ ಇಲ್ಲ ಎಂಬುದನ್ನು ದಿನವೂ ಅದೇ ಕೆಲಸದಲ್ಲಿ ಓಡಾಡುವವನು ಮಾತ್ರ ಬಲ್ಲ.

ಬುಧವಾರ ಹನ್ನೊಂದಕ್ಕೆ ಅತ್ತೆ ವಿಡಿಯೊ ಕರೆ ಮಾಡಿದರು. ಮೊದಲು ಕಂಡದ್ದು ಮನೆಯ ಹಂಚು, ಪಕ್ಕಾಸು, ಆಮೇಲೆ ಅಪ್ಪ. ಬಿಳಿ ಅಂಗಿ ಇಸ್ತ್ರಿ ಮಾಡಿಸಿ ತೊಟ್ಟಿದ್ದರು, ಜೇಬಿನಲ್ಲಿ ಪೆನ್ನು. ಬಂದ ಯುವಕ ಪೋಸ್ಟ್‌ಮ್ಯಾನ್‌ಗೆ ಕುರ್ಚಿ ಕೊಟ್ಟು ತಾವು ನಿಂತೇ ಇದ್ದರು. ಅವನು ಕೂರಲು ಸಂಕೋಚಪಟ್ಟು, “ಸಾರ್, ನೀವು ಕೂತ್ಕಣಿ,” ಎನ್ನುತ್ತಿದ್ದ. ಫೋನನ್ನು ಅವರ ಮುಖದೆದುರು ಹಿಡಿದು ಕಣ್ಣು ಮಿಟುಕಿಸಬೇಕೆಂದ. ಅಪ್ಪ ಮಿಟುಕಿಸಲಿಲ್ಲ. ಮೈಯನ್ನು ನೆಟ್ಟಗೆ ಮಾಡಿ, ಉಸಿರು ಹಿಡಿದು, ಕಣ್ಣನ್ನು ಅಗಲಿಸಿ ನಿಂತರು. ಇನ್ನೊಮ್ಮೆಯೂ ಹಾಗೆಯೇ. “ಫೋಟೊ ತೆಗುವಾಗ ಕಣ್ ಮುಚ್ಚುಕಾಗ ಅಲ್ದಾ ಮಗಾ?” ಎಂದು ನನ್ನನ್ನೇ ಕೇಳಿದರು. ಇದು ಫೋಟೊ ಅಲ್ಲ, ಬದುಕಿದ್ದವರು ಮಾತ್ರ ಕಣ್ಣು ಮುಚ್ಚಿ ತೆರೆಯುತ್ತಾರಲ್ಲವೇ, ಅದನ್ನು ನೋಡುತ್ತಾರೆ ಎಂದು ನಾನು ಹೇಳಬೇಕಾಯಿತು. ಅವರು ಕ್ಷಣ ಸುಮ್ಮನಿದ್ದು, ಪೊರೆಯ ಶಸ್ತ್ರಚಿಕಿತ್ಸೆಯಾದ ಕಣ್ಣುಗಳನ್ನು ನಿಧಾನವಾಗಿ ಮುಚ್ಚಿ ತೆರೆದರು. ಪ್ರಮಾಣಪತ್ರದ ಸಂಖ್ಯೆ ಹೊತ್ತ ಸಂದೇಶ ಅತ್ತೆಯ ಫೋನಿಗೆ ಬಂತು.

ಕರೆ ಮುಗಿಯುವ ಮೊದಲು ಅಪ್ಪ ಮೆಲ್ಲನೆ, “ಹಂಗಾರೆ ಈ ಸಲ ನೀ ಬತ್ತಿಲ್ಯಾ?” ಎಂದರು.

ಈ ಪ್ರಶ್ನೆ ಮಧ್ಯಾಹ್ನವಿಡೀ ನನ್ನೊಳಗೆ ಉಳಿಯಿತು. ಎರಡು ಗಂಟೆಗೆ ನನ್ನ ಮೇಲಧಿಕಾರಿ ಬಂದು, “ನಿಮ್ಮ ಊರಿನ ಕೆಲಸ ಇಲ್ಲಿಂದಲೇ ಮುಗೀತಂತೆ, ಹಾಗಾದರೆ ಶನಿವಾರ ಆಡಿಟ್‌ಗೆ ಬರಬಹುದಲ್ಲ?” ಎಂದು ಕೇಳಿದರು. ಕೆಟ್ಟ ಉದ್ದೇಶದಿಂದ ಕೇಳಿದ್ದಲ್ಲ. ಆದರೂ ಈ ಸವಲತ್ತಿನಲ್ಲಿರುವ ಅಪಾಯ ನನಗೆ ಆ ಒಂದು ವಾಕ್ಯದಲ್ಲಿ ಸ್ಪಷ್ಟವಾಯಿತು: ಉಳಿಸಿಕೊಟ್ಟ ಸಮಯವನ್ನು ಕಂಪೆನಿಯೇ ಮರಳಿ ತೆಗೆದುಕೊಂಡರೆ, ಡೆಸ್ಕಿನ ಉಪಯೋಗ ನಮ್ಮನ್ನು ಇನ್ನಷ್ಟು ಹೊತ್ತು ಕುರ್ಚಿಯಲ್ಲಿ ಕೂರಿಸುವುದಕ್ಕೆ ಮಾತ್ರ ಆಗುತ್ತದೆ. ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿ 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಲೇಬೇಕೆಂದಿತು. ತಾಯಂದಿರ ಮಟ್ಟಿಗೆ ಅದೊಂದು ಹಕ್ಕು. ವಯಸ್ಸಾದ ತಂದೆತಾಯಿಯರನ್ನು ನೋಡಿಕೊಳ್ಳುವ ನೌಕರರಿಗೆ ಸಿಗುವುದು ಹೆಚ್ಚೆಂದರೆ ಇಂಥ ಡೆಸ್ಕುಗಳು, ಅದೂ ಕಂಪೆನಿಯ ಮನಸ್ಸಿದ್ದರೆ. ಹಾಗಾಗಿಯೇ ಅದರಿಂದ ಸಿಕ್ಕಿದ ಹೊತ್ತು ನಮ್ಮದೇ ಆಗಿರಬೇಕೆಂದು ಗಟ್ಟಿಯಾಗಿ ಹೇಳಬೇಕಾಗುತ್ತದೆ. ಶುಕ್ರವಾರ ಸಂಜೆ ಏಳರವರೆಗೆ ಕುಳಿತು ಕೆಲಸ ಮುಗಿಸುತ್ತೇನೆ, ಶನಿವಾರ ಬರುವುದಿಲ್ಲ ಎಂದೆ. ಅವರು ಒಪ್ಪಿದರು.

ಶನಿವಾರ ಮಗಳೂ ನಾನೂ ಬಾರ್ಕೂರಿಗೆ ಹೋದೆವು. ಕೈಯಲ್ಲಿ ಫೈಲು ಇರಲಿಲ್ಲ. ಅಪ್ಪ ಮೊಮ್ಮಗಳಿಗೆ ತಮ್ಮ ಕಾಲದ ಅರಗಿನ ಮುದ್ರೆಯನ್ನು ಹೇಗೆ ಒತ್ತುತ್ತಿದ್ದರೆಂದು ತೋರಿಸಿದರು. ಅಷ್ಟು ವರ್ಷಗಳಲ್ಲಿ ಅದನ್ನು ನನಗೂ ಯಾರೂ ತೋರಿಸಿರಲಿಲ್ಲ.

ಸೋಮವಾರ ಬೆಳಿಗ್ಗೆ ಅತ್ತೆ ಕೊಟ್ಟ ಹಲಸಿನ ಹಪ್ಪಳದ ಕಟ್ಟನ್ನು ಡೆಸ್ಕಿನ ಹುಡುಗನಿಗೆ ಕೊಟ್ಟು, ಕಣ್ಣು ಮಿಟುಕಿಸಿದ ಕಥೆ ಹೇಳಿದೆ. ಅವನು ಕೇಳಿಸಿಕೊಂಡು, “ಅಜ್ಜನಿಗೆ ಪೊರೆಯ ಆಪರೇಷನ್ ಎಲ್ಲಿ ಮಾಡಿಸಿದ್ದು ಅಕ್ಕ?” ಎಂದು ವಿಚಾರಿಸಿದ. ಅವನ ಅಮ್ಮನಿಗೂ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ವೆನ್ಲಾಕ್ ಆಸ್ಪತ್ರೆಗೆ ಬೆಳಗಿನ ಹೊತ್ತು ಕರೆದುಕೊಂಡು ಹೋಗಬೇಕೆಂದು ನಾಲ್ಕು ತಿಂಗಳಿಂದ ಅಂದುಕೊಳ್ಳುತ್ತಿದ್ದ. ಡೆಸ್ಕು ತೆರೆಯುವುದು ಒಂಬತ್ತಕ್ಕೆ, ಬದಲಿಗೆ ಕೂರುವವರಿಲ್ಲ, ರಜೆ ಹಾಕಿದರೆ ಆ ದಿನದ ಸಂಬಳ ಹೋಗುತ್ತದೆ. ಅವನು ಏಜೆನ್ಸಿಯ ನೌಕರ, ನಮ್ಮ ರಜೆಯ ನಿಯಮಗಳು ಅವನಿಗಿಲ್ಲ. ಮುನ್ನೂರು ಜನರ ಅರ್ಧ ದಿನಗಳನ್ನು ಉಳಿಸುತ್ತಿದ್ದವನಿಗೆ ತನ್ನದೊಂದು ಅರ್ಧ ದಿನ ಸಿಕ್ಕಿರಲಿಲ್ಲ. ಆರು ತಿಂಗಳಿಂದ ಚೀಟಿ ಬರೆದುಕೊಡುತ್ತಿದ್ದರೂ ನನಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. ಅದಕ್ಕಾಗಿ ಈಗಲೂ ನನಗೆ ನೋವಿದೆ.

ಅಂದೇ ಎಚ್‌ಆರ್ ವಿಭಾಗಕ್ಕೆ ಹೋಗಿ ಕುಳಿತೆ. ನಮ್ಮ ವಿಭಾಗದ ಹನ್ನೊಂದು ಮಂದಿ ಸಹಿ ಹಾಕಿ, ತಿಂಗಳಿಗೆ ಎರಡು ಅರ್ಧ ದಿನ ಸಂಬಳಸಹಿತ ಬಿಡುವನ್ನು ಅವನ ಒಪ್ಪಂದದಲ್ಲಿ ಸೇರಿಸಬೇಕೆಂದು ಬರೆದುಕೊಟ್ಟೆವು. ಏಜೆನ್ಸಿಯೊಡನೆ ಮಾತುಕತೆ ನಡೆದು ಒಪ್ಪಿಗೆ ಬರಲು ಎರಡು ವಾರ ಬೇಕಾಯಿತು. ಸದ್ಯಕ್ಕೆ ತಿಂಗಳಿಗೆ ಒಂದು ಸಿಕ್ಕಿದೆ.

ಡಿಸೆಂಬರಿನ ಒಂದು ಬುಧವಾರ ನಾನು ಕೆಳಗಿಳಿದಾಗ ಕುರ್ಚಿ ಖಾಲಿಯಿತ್ತು. ನೀಲಿ ಚೀಲವನ್ನು ಮಡಚಿ ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ, ರಶೀದಿಯ ಹಿಂದೆ ಬರೆಯುವ ಅದೇ ಅಚ್ಚುಕಟ್ಟಾದ ಅಕ್ಷರದಲ್ಲಿ ಒಂದು ಕಾಗದ ಅಂಟಿಸಿದ್ದ: ‘ಅಮ್ಮನೊಟ್ಟಿಗೆ ಆಸ್ಪತ್ರೆಗೆ ಹೋಗಿದ್ದೇನೆ. ಎರಡು ಗಂಟೆಗೆ ಬರುತ್ತೇನೆ.’